ಸೂಟ್‌ಕೇಸಿನ ಕರಿಬೇವು, ಕಾಲುಚೀಲದ ಡೇರೆಗಡ್ಡೆ

(ಶಿರಸಿಯಲ್ಲಿ ಕೈತೋಟದ ಆಸಕ್ತರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಮಾನದಲ್ಲಿ ಗಿಡ, ಬೀಜ ಒಯ್ಯುವ ನಿಯಮಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ನಾನು ಕಸ್ಟಮ್ಸ್ ಇಲಾಖೆಯವಳಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಈ ವಿಷಯಕ್ಕೆ ನಾನೇ ಯಾಕೆ ಅಂತ ಸಂಘಟಕರನ್ನು ಕೇಳಿದೆ. "ಮೇಡಂ, ನಮ್ಮ ಪೈಕಿ ಸಿಕ್ಕಿಬಿದ್ದವರು ನೀವೊಬ್ಬರೇ" ಅಂದರು. ಸರಿ, ಅಲ್ಲಿಂದಲೇ ಶುರು ಮಾಡೋಣ.

ಸೊಸೆಯ ಬಾಣಂತನಕ್ಕೆಂದು ಮೊದಲ ಸಲ ಅಮೆರಿಕಕ್ಕೆ ಹೊರಟಿದ್ದೆ. ಸೂಟ್‌ಕೇಸಿನಲ್ಲಿ ಏನಿತ್ತು ಅಂತ ನಿಮಗೆ ಹೇಳುವುದೇ ಬೇಡ. ಹಲಸಿನ ಹಪ್ಪಳ, ಮುರಿಯದ ಹಾಗೆ ಸೀರೆಯ ಮಡಿಕೆಯಲ್ಲಿಟ್ಟ ತೊಡೆದೇವು, ಎರಡು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ. ಕೊನೆಗಳಿಗೆಯಲ್ಲಿ ಅತ್ತಿಗೆ ಎರಡು ಪೊಟ್ಟಣ ತಂದರು. ಒಂದರಲ್ಲಿ ತೊಟ್ಟಿಲು ಶಾಸ್ತ್ರಕ್ಕೆ ಮನೆಗದ್ದೆಯ ಅಕ್ಕಿ. ಇನ್ನೊಂದರಲ್ಲಿ, ಒದ್ದೆ ಕಾಗದದಲ್ಲಿ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದ, ನಮ್ಮ ಹಿತ್ತಲಿನ ಕರಿಬೇವಿನ ಎಳೆ ಕುಡಿಗಳು. "ಎಂತಾ ಆಗ್ತಿಲ್ಲೆ, ತಗಂಡು ಹೋಗು" ಅಂದರು. ತಗೊಂಡು ಹೋದೆ.

ವಿಮಾನದಲ್ಲಿ ಒಂದು ಕಾಗದ ಕೊಟ್ಟರು. ಹಣ್ಣು, ತರಕಾರಿ, ಗಿಡ, ಬೀಜ, ಆಹಾರ, ಕೀಟ ಏನಾದರೂ ತಂದಿದ್ದೀರಾ? ಮಾಂಸ? ಮಣ್ಣು? ಇತ್ತೀಚೆಗೆ ಯಾವುದಾದರೂ ತೋಟಕ್ಕೆ, ಹೊಲಕ್ಕೆ ಹೋಗಿದ್ದಿರಾ? ಶಿರಸಿಯವಳನ್ನು ತೋಟಕ್ಕೆ ಹೋಗಿದ್ದೆಯಾ ಅಂತ ಕೇಳುತ್ತಾರಲ್ಲ ಅಂತ ನಗು ಬಂತು. ಎಲ್ಲಕ್ಕೂ 'ಇಲ್ಲ' ಅಂತ ಗುರುತು ಹಾಕಿ ನಿದ್ದೆ ಮಾಡಿದೆ. ಕರಿಬೇವು ಒಗ್ಗರಣೆ ಸಾಮಾನು, ಗಿಡ ಹೇಗಾಗುತ್ತದೆ? ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳ ತರ್ಕ ಇದು!

ಸಾಮಾನು ತೆಗೆದುಕೊಳ್ಳುವಲ್ಲಿ ಒಂದು ನಾಯಿ ಬಂತು. ಜೋಲುಗಿವಿಯ ಪುಟ್ಟ ಬೀಗಲ್, ಮೈಮೇಲೆ ಹಸಿರು ಅಂಗಿ. ಮುದ್ದಾಗಿದೆ ಅಂತ ನೋಡುತ್ತಾ ನಿಂತೆ. ಅದು ನನ್ನ ಸೂಟ್‌ಕೇಸನ್ನು ಒಂದು ಸಲ ಮೂಸಿ, ಎದುರಿಗೆ ಕೂತುಬಿಟ್ಟಿತು. ಬೊಗಳಲಿಲ್ಲ, ಪರಚಲಿಲ್ಲ. ಸುಮ್ಮನೆ ಕೂತು ತನ್ನ ಯಜಮಾನನ ಮುಖ ನೋಡಿತು. ಆಮೇಲೆ ಗೊತ್ತಾಯಿತು, ಕೂರುವುದೇ ಅದರ ದೂರು. 1984ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಕೃಷಿ ಇಲಾಖೆ ಶುರು ಮಾಡಿದ ಏರ್ಪಾಡು ಅದು. ಮಾವು, ಸೇಬು, ನಿಂಬೆ ಜಾತಿಯ ವಾಸನೆ, ಹಂದಿ, ದನದ ಮಾಂಸದ ವಾಸನೆ, ಇಷ್ಟನ್ನು ಮೊದಲು ಕಲಿಸುತ್ತಾರಂತೆ. ಕರಿಬೇವು ನಿಂಬೆಯ ಕುಟುಂಬದ್ದೇ. ಈ ಪಾಠವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡುತ್ತಿದ್ದೆ. ನಾಯಿ ನನಗಿಂತ ಚೆನ್ನಾಗಿ ಕಲಿತಿತ್ತು.

ಅಧಿಕಾರಿ ಸೂಟ್‌ಕೇಸು ಬಿಚ್ಚಿಸಿದರು. ಹಪ್ಪಳ, ತೊಡೆದೇವು, ಉಪ್ಪಿನಕಾಯಿ ಎಲ್ಲವನ್ನೂ ಎತ್ತಿ ನೋಡಿ ವಾಪಸ್ ಇಟ್ಟರು. ಎರಡು ಪೊಟ್ಟಣಗಳನ್ನು ಮಾತ್ರ ತೆಗೆದುಕೊಂಡರು. ಕಾಗದದಲ್ಲಿ ಸುಳ್ಳು ಹೇಳಿದ್ದಕ್ಕೆ 300 ಡಾಲರ್ ದಂಡ. ತಂದದ್ದಕ್ಕಲ್ಲ, ಗಮನಿಸಿ, ಹೇಳದೇ ಇದ್ದದ್ದಕ್ಕೆ. 'ಹೌದು' ಅಂತ ಗುರುತು ಹಾಕಿದ್ದರೆ ಪೊಟ್ಟಣ ಮಾತ್ರ ಹೋಗುತ್ತಿತ್ತು, ದುಡ್ಡು ಹೋಗುತ್ತಿರಲಿಲ್ಲ ಅಂತ ಅವರೇ ತಿಳಿಸಿ ಹೇಳಿದರು. ಇವತ್ತಿನ ಸಭೆಯಿಂದ ಒಂದೇ ವಿಷಯ ನೆನಪಿಟ್ಟುಕೊಂಡು ಹೋಗುತ್ತೀರಾದರೆ ಅದು ಇದೇ ಆಗಲಿ: ಅನುಮಾನ ಬಂದರೆ 'ಹೌದು' ಅನ್ನಿ. ನ್ಯೂಜಿಲೆಂಡಿನಲ್ಲೂ ಹೀಗೆಯೇ, ಮರೆತು ಒಂದು ಸೇಬು ಚೀಲದಲ್ಲಿ ಉಳಿದರೂ ಸ್ಥಳದಲ್ಲೇ 400 ಡಾಲರ್. ಆಸ್ಟ್ರೇಲಿಯಾದ ದಂಡ ಸಾವಿರಗಳ ಲೆಕ್ಕಕ್ಕೂ ಹೋಗುತ್ತದೆ, ಕೆಲವರ ವೀಸಾವೇ ರದ್ದಾಗಿದೆ.

ಆವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ಹಿಡಿ ಸೊಪ್ಪಿಗೆ ಇಷ್ಟೊಂದಾ ಅಂತ. ಸಿಟ್ಟು ಇಳಿದದ್ದು ವಾರದ ನಂತರ, ಮಗನ ಮನೆಯಲ್ಲಿ ಕೂತು ಓದಿದಾಗ.

ಏಷ್ಯಾದ ಸಿಟ್ರಸ್ ಸಿಲ್ಲಿಡ್ ಅಂತ ಒಂದು ಕೀಟ ಇದೆ. ಮೂರು ನಾಲ್ಕು ಮಿಲಿಮೀಟರ್ ಉದ್ದ, ಕಂದು ಚುಕ್ಕೆಯ ರೆಕ್ಕೆ. ಎಲೆಯ ಮೇಲೆ ತಲೆ ತಗ್ಗಿಸಿ, ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ಸೂರ್ಯನಮಸ್ಕಾರದ ನಡುವೆ ಮರೆತು ನಿಂತವರ ಹಾಗೆ. ಮೊಟ್ಟೆ ಇಡುವುದು ಇನ್ನೂ ಬಿಚ್ಚಿಕೊಳ್ಳದ ಎಳೆ ಕುಡಿಯ ಮಡಿಕೆಯೊಳಗೆ. ಕರಿಬೇವು ಅಂದರೆ ಅದಕ್ಕೆ ಪ್ರಾಣ. ಅದು ರಸ ಹೀರುವುದು ದೊಡ್ಡ ವಿಷಯವಲ್ಲ, ಹೀರುವಾಗ ಒಂದು ಬ್ಯಾಕ್ಟೀರಿಯಾವನ್ನು ನಿಂಬೆ ಜಾತಿಯ ಮರಕ್ಕೆ ಅಂಟಿಸುತ್ತದೆ. ಗ್ರೀನಿಂಗ್ ಎನ್ನುವ ಆ ರೋಗ ಬಂದ ಮರದ ಹಣ್ಣು ಅರ್ಧ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ, ಮರ ವರ್ಷಗಟ್ಟಲೆ ಸೊರಗಿ ಸಾಯುತ್ತದೆ. ಔಷಧಿ ಇಲ್ಲ. ಫ್ಲಾರಿಡಾದಲ್ಲಿ ಕೀಟ ಕಂಡದ್ದು 1998ರಲ್ಲಿ, ರೋಗ ಕಂಡದ್ದು 2005ರಲ್ಲಿ. 2003-04ರಲ್ಲಿ ಆ ರಾಜ್ಯ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022-23ರಲ್ಲಿ 2 ಕೋಟಿಯೂ ಇಲ್ಲ. ಚಂಡಮಾರುತಗಳ ಪಾಲೂ ಇದೆ ಅನ್ನಿ, ಆದರೆ ಬೆನ್ನು ಮುರಿದದ್ದು ರೋಗ. ಇದನ್ನು ಓದುವಾಗ ನನಗೆ ಕಂಡದ್ದು ಫ್ಲಾರಿಡಾ ಅಲ್ಲ. ಅಡಿಕೆಗೆ ಕೊಳೆರೋಗ ಬಂದ ವರ್ಷ ಶ್ರಾವಣದಲ್ಲಿ ತೋಟದಿಂದ ಬಂದು, ಮಾತಿಲ್ಲದೆ ಜಗುಲಿಯ ಮೇಲೆ ಕೂರುತ್ತಿದ್ದ ನಮ್ಮ ಅಪ್ಪಯ್ಯ.

ಇಲ್ಲಿ ಒಂದು ವ್ಯತ್ಯಾಸ ಅರ್ಥ ಮಾಡಿಕೊಳ್ಳಬೇಕು. ಚಿನ್ನ ತಂದರೆ ಕಸ್ಟಮ್ಸ್‌ನವರು ಕೇಳುವುದು ಬೆಲೆ ಎಷ್ಟು ಅಂತ. ಸುಂಕ ಕಟ್ಟಿದರೆ ಚಿನ್ನ ನಿಮ್ಮದು. ಗಿಡಕ್ಕೆ ಆ ಲೆಕ್ಕ ಇಲ್ಲ. ಅಲ್ಲಿ ಕೇಳುವುದು, ಇದರ ಜೊತೆಗೆ ಇನ್ಯಾರು ಬಂದಿದ್ದಾರೆ ಅಂತ. ಅದಕ್ಕೇ ವಿಮಾನ ನಿಲ್ದಾಣದಲ್ಲಿ ಸುಂಕದವರ ಬೆನ್ನಿಗೆ ಇನ್ನೊಂದು ಇಲಾಖೆ ಇರುತ್ತದೆ, ಸಸ್ಯ ಕ್ವಾರಂಟೈನ್. ಕೊರೊನಾ ಬಂದುಹೋದ ಮೇಲೆ ಆ ಪದವನ್ನು ಬಿಡಿಸಿ ಹೇಳುವ ಕೆಲಸ ನನಗೆ ತಪ್ಪಿದೆ. 1951ರಲ್ಲಿ ಆದ ಅಂತಾರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ಇದಕ್ಕೆಲ್ಲ ಬುನಾದಿ. ಅದರ ಪ್ರಕಾರ ಗಿಡ ಹೊರಡುವ ದೇಶವೇ ಅದನ್ನು ಪರೀಕ್ಷಿಸಿ, ಇದರಲ್ಲಿ ಕೀಟ ಇಲ್ಲ, ರೋಗ ಇಲ್ಲ ಅಂತ ಬರೆದುಕೊಡಬೇಕು. ಅದಕ್ಕೆ ಫೈಟೋಸ್ಯಾನಿಟರಿ ಪ್ರಮಾಣಪತ್ರ ಅಂತ ಹೆಸರು. ನಾನು ಸಸ್ಯ ಆರೋಗ್ಯ ಪತ್ರ ಅನ್ನುತ್ತೇನೆ.

ಅಕ್ಕಿಯ ಕತೆ ಇನ್ನೂ ಸ್ವಾರಸ್ಯ. ಖಾಪ್ರಾ ಅಂತ ಒಂದು ದುಂಬಿ, ನಮ್ಮ ಉಪಖಂಡದ್ದೇ ಹುಳ. ಅದರ ಮರಿ, ರೋಮರೋಮದ ಸಣ್ಣ ಹುಳ, ಗೋಣಿಚೀಲದ ಹೊಲಿಗೆಯೊಳಗೆ ಸೇರಿಕೊಂಡು ಏನೂ ತಿನ್ನದೆ ವರ್ಷಗಟ್ಟಲೆ ಬದುಕಬಲ್ಲದು. ಕಾಳು ಸಿಕ್ಕಿದ ದಿನ ಮತ್ತೆ ಎದ್ದು ಶುರು. ಅದಕ್ಕಾಗಿ 2011ರಿಂದ ಅಮೆರಿಕ, ಖಾಪ್ರಾ ಇರುವ ದೇಶಗಳಿಂದ ಪ್ರಯಾಣಿಕರು ಚೀಲದಲ್ಲಿ ಅಕ್ಕಿ ತರುವುದನ್ನೇ ನಿಲ್ಲಿಸಿತು. ಅಂಗಡಿಯಲ್ಲಿ ಬಾಸ್ಮತಿ ಮೂಟೆ ಮೂಟೆ ಸಿಗುತ್ತದಲ್ಲ ಅಂತ ಕೇಳುತ್ತೀರಿ. ಅದು ಪ್ರಮಾಣಪತ್ರ ಕಟ್ಟಿಕೊಂಡು ಹಡಗಿನಲ್ಲಿ ಬಂದ ಅಕ್ಕಿ. ನನ್ನದು ಅತ್ತಿಗೆಯ ಆಶೀರ್ವಾದ ಮಾತ್ರ ಕಟ್ಟಿಕೊಂಡು ಬಂದದ್ದು.

ಈಗ ಮಾವು. ಇಲ್ಲಿ ಕೂತಿರುವ ಕನಿಷ್ಠ ನಾಲ್ಕು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದೀರಿ. ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿದ್ದಾರೆ, ಹಿಂದೆ ಜಾಗ ಇದೆ, ಜೀರಿಗೆ ಅಪ್ಪೆಯ ಗೊರಟು ಒಯ್ಯಬಹುದಾ, ಕಸಿಕಡ್ಡಿ ಒಯ್ಯಬಹುದಾ? ಗೊರಟಿನ ಒಳಗೆ ಇರುವವನನ್ನು ನಾವೆಲ್ಲ ನೋಡಿದ್ದೇವೆ. ಹಣ್ಣು ಹೊರಗಿನಿಂದ ಚಿನ್ನದ ಹಾಗೆ ಇರುತ್ತದೆ, ಗೊರಟು ಒಡೆದರೆ ಕಪ್ಪು ಮೂತಿಹುಳ ಕಾಲು ಮಡಚಿ ಸತ್ತವನ ಹಾಗೆ ನಟಿಸುತ್ತದೆ. ಹೂ ಉದುರಿದ ಸ್ವಲ್ಪ ದಿನಕ್ಕೆ, ಕಾಯಿ ಗೋಲಿಯಷ್ಟು ಇರುವಾಗಲೇ ಒಳಗೆ ಹೋದದ್ದು ಅದು, ತೂತು ಮುಚ್ಚಿಹೋಗಿರುತ್ತದೆ. ಯಾವ ಅಧಿಕಾರಿಯೂ ಹೊರಗಿನಿಂದ ಕಾಣಲಾರ. ಅದಕ್ಕೇ ಭಾರತದ ಮಾವು ಎಷ್ಟೋ ವರ್ಷ ಅಮೆರಿಕದ ಬಾಗಿಲಾಚೆ ಕಾದಿತ್ತು. 2007ರಲ್ಲಿ ಒಪ್ಪಿಗೆ ಸಿಕ್ಕಿದ್ದು ವಿಕಿರಣಕ್ಕೆ ಒಡ್ಡಿ ಕಳಿಸುವ ಕರಾರಿನ ಮೇಲೆ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ, ಈರುಳ್ಳಿಗೆಂದು ಕಟ್ಟಿದ ಕೇಂದ್ರದಲ್ಲಿ, 400 ಗ್ರೇ ಪ್ರಮಾಣದ ವಿಕಿರಣ ಕೊಟ್ಟು ಮೊದಲ ಹಣ್ಣು ಹೋಯಿತು. ಹುಳ ಸಾಯದಿದ್ದರೂ ಸಂತಾನ ಬೆಳೆಸಲಾರದು ಅನ್ನುವುದು ಅದರ ಲೆಕ್ಕ. ಆ ಉಪಚಾರ ನಿಮ್ಮ ಹಿತ್ತಲಿನ ಗೊರಟಿಗೆ ಆಗಿಲ್ಲ. ಕಸಿಕಡ್ಡಿಯೂ ಸೂಟ್‌ಕೇಸಿನಲ್ಲಿ ಸುತ್ತಿಕೊಂಡು ಹೋಗುವ ವಸ್ತುವಲ್ಲ. ಸಂಶೋಧನೆಗೋ ವ್ಯಾಪಾರಕ್ಕೋ ಒಯ್ಯುವುದಾದರೆ ಇನ್ನೊಂದು ಕಾನೂನೂ ಇದೆ, 2002ರ ಜೀವವೈವಿಧ್ಯ ಕಾಯ್ದೆ. ವಿದೇಶಿಯರು ಮಾತ್ರವಲ್ಲ, ಅನಿವಾಸಿ ಭಾರತೀಯನಾದ ನಮ್ಮ ಮಗನೂ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಮಗನಿಗೆ ಹೊಳೆದಂಡೆಯ ಅಪ್ಪೆಯ ಪರಿಮಳ ಬೇಕೆಂದರೆ ಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಖಾರ ಕಲೆಸಿ ಕಳಿಸಿ. ಉಪ್ಪಿನಕಾಯಿಯನ್ನು ಮೂಸಿ ನಾಯಿ ಕೂತದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಏನೂ ಒಯ್ಯುವ ಹಾಗೇ ಇಲ್ಲವೇ? ಇದೆ, ದಾರಿ ಹಿಡಿದು ಹೋದರೆ. ಅಮೆರಿಕಕ್ಕೆ ನಿಷೇಧ, ನಿರ್ಬಂಧ ಇಲ್ಲದ ಜಾತಿಯ ಗಿಡವಾದರೆ 12ರ ತನಕ ಅನುಮತಿ ಪತ್ರ ಇಲ್ಲದೆಯೂ ಒಯ್ಯಬಹುದು. ಆದರೆ ಬೇರಿನಲ್ಲಿ ಒಂದು ಚಿಟಿಕೆ ಮಣ್ಣೂ ಇರಬಾರದು, ಸಸ್ಯ ಆರೋಗ್ಯ ಪತ್ರ ಜೊತೆಗಿರಬೇಕು. ಬೀಜಕ್ಕೆ ಸಣ್ಣ ಪ್ರಮಾಣದ ಪರವಾನಗಿ ಅಂತ ಒಂದು ಇದೆ. ಅದನ್ನು ಅಲ್ಲಿರುವ ಮಗ ಮೊದಲೇ ಮಾಡಿಸಿಟ್ಟರೆ, ಒಂದು ಪೊಟ್ಟಣಕ್ಕೆ 50 ಬೀಜ ಅಥವಾ 10 ಗ್ರಾಂ, ಒಟ್ಟು 50 ಪೊಟ್ಟಣದವರೆಗೆ ಆರೋಗ್ಯ ಪತ್ರವೇ ಬೇಡ. ಪ್ರತಿ ಪೊಟ್ಟಣದ ಮೇಲೂ ಸಸ್ಯಶಾಸ್ತ್ರೀಯ ಹೆಸರು ಬರೆದಿರಬೇಕು. 'ಅಜ್ಜಿ ಮನೆ ಬಿಳಿ ಸೌತೆ' ಅಂತ ಬರೆದರೆ ನಡೆಯುವುದಿಲ್ಲ. ಬೇಕಿದ್ದರೆ ನನಗೆ ಫೋನ್ ಮಾಡಿ, ಹೆಸರು ಹೇಳುತ್ತೇನೆ. ಮೂವತ್ತು ವರ್ಷದ ಪಾಠಕ್ಕೆ ಅದಾದರೂ ಉಪಯೋಗ ಆಗಲಿ.

ಆರೋಗ್ಯ ಪತ್ರ ಕೊಡುವುದು ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಕೇಂದ್ರಗಳು. ನಮಗೆ ಬೆಂಗಳೂರು, ಮಂಗಳೂರು. ಅರ್ಜಿ ಆನ್‌ಲೈನಿನಲ್ಲಿ. ಗಿಡವನ್ನು ಅಧಿಕಾರಿಯ ಎದುರಿಗೆ ಇಡಬೇಕು. ಅವರು ಎಲೆಯ ಅಡಿಭಾಗ, ಗಂಟು, ಬೇರಿನ ಕವಲು ಭೂತಗನ್ನಡಿಯಲ್ಲಿ ನೋಡುತ್ತಾರೆ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ, ಅದು ಮುಗಿಸಿ ವಿಮಾನ ಹತ್ತುವುದೆಂದರೆ ಒಂದು ದಿನ ಮೊದಲೇ ಹೊರಡಬೇಕು. ನಮ್ಮವರು ಈ ಕಷ್ಟ ಯಾರಿಗೆ ಬೇಕು ಅಂತ ಕಾಲುಚೀಲದೊಳಗೆ ತುರುಕುವುದು ಇದೇ ಕಾರಣಕ್ಕೆ. ಸರ್ಕಾರ ಹುಬ್ಬಳ್ಳಿಯಲ್ಲೋ ಕಾರವಾರದಲ್ಲೋ ಸಾಮಾನ್ಯರಿಗೆ ಸುಲಭವಾಗಿ ಕೈಗೆಟುಕುವ ವ್ಯವಸ್ಥೆ ಮಾಡಿದರೆ ಅರ್ಧ ಕಳ್ಳತನ ತಾನಾಗಿ ನಿಲ್ಲುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಯುರೋಪಿಗೆ ಹೋಗುವವರಿಗೆ: 2019ರ ಡಿಸೆಂಬರ್ 14ರಿಂದ ಹಣ್ಣು, ತರಕಾರಿ, ಹೂವು, ಬೀಜ ಎಲ್ಲಕ್ಕೂ ಆರೋಗ್ಯ ಪತ್ರ ಬೇಕು. ಐದಕ್ಕೆ ಮಾತ್ರ ವಿನಾಯಿತಿ: ಅನಾನಸು, ಬಾಳೆಹಣ್ಣು, ಖರ್ಜೂರ, ಡುರಿಯನ್ ಮತ್ತು ನಮ್ಮ ತೆಂಗಿನಕಾಯಿ. ಖುಷಿಪಡಬೇಡಿ. ತೆಂಗಿನಕಾಯಿಯನ್ನು ಅಲ್ಲಿಯವರು ಒಳಗೆ ಬಿಟ್ಟರೂ ಇಲ್ಲಿ ವಿಮಾನದವರು ಮೇಲೆ ಹತ್ತಿಸಬೇಕಲ್ಲ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ರಾಶಿ ಹಾಕಿದರೆ ತನ್ನಷ್ಟಕ್ಕೆ ಕಾಯುತ್ತದೆ. ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಅನ್ನುವ ಸಂಖ್ಯೆಯೇ ಇದೆ. ಶಬರಿಮಲೆ ಯಾತ್ರಿಗಳ ಇರುಮುಡಿಯ ಕಾಯಿಯನ್ನು ಕೈಚೀಲದಲ್ಲಿ ಒಯ್ಯಲು 2024ರ ಅಕ್ಟೋಬರಿನಲ್ಲಿ ವಿಶೇಷ ಆದೇಶ ಮಾಡಿದರು, ಅದೂ ಜನವರಿ 20ರವರೆಗೆ ಮಾತ್ರ. ಅಯ್ಯಪ್ಪನಿಗೇ ಗಡುವು ಇದ್ದ ಮೇಲೆ ನಮ್ಮ ನಿಮ್ಮ ಮಾತೇನು?

ಪತ್ರೊಡೆ ಪ್ರಿಯರು ಇದ್ದೀರಿ. 2014ರಲ್ಲಿ ಯುರೋಪ್ ಒಕ್ಕೂಟ ಆಪೂಸು ಮಾವನ್ನು ನಿಲ್ಲಿಸಿದ್ದು ಪೇಪರಿನಲ್ಲೆಲ್ಲ ಬಂತು. ಅದರ ಜೊತೆಗೇ ಪತ್ರೊಡೆಯ ಕೆಸು, ಬದನೆ, ಹಾಗಲ, ಪಡವಲವನ್ನೂ ನಿಲ್ಲಿಸಿದ್ದರು. ಹಿಂದಿನ ವರ್ಷ 207 ಸರಕಿನಲ್ಲಿ ಹಣ್ಣಿನ ನೊಣವೋ ಇನ್ನೊಂದೋ ಸಿಕ್ಕಿತ್ತು. ಮಾವಿಗೆ ಎಂಟು ತಿಂಗಳಲ್ಲಿ ಬಾಗಿಲು ತೆರೆಯಿತು, ರಫ್ತುದಾರರ ಗದ್ದಲ ದೊಡ್ಡದಿತ್ತು. ಕೆಸುವಿನ ಪರವಾಗಿ ಗದ್ದಲ ಮಾಡುವವರು ಯಾರಿದ್ದಾರೆ?

ಭಟ್ಕಳ, ಹೊನ್ನಾವರ, ಕಾರವಾರದ ಮನೆಮನೆಗೂ ಗಲ್ಫ್ ನಂಟಿದೆ. ಅವರಿಗೆ ಬೇರೆಯೇ ಎಚ್ಚರ. ಗಸಗಸೆ ನಮಗೆ ಪಾಯಸ, ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಸೌದಿಯಲ್ಲಿ ಅಫೀಮಿನ ಬೀಜ. ಒಂದು ಡಬ್ಬಿ ಗಸಗಸೆ ಜೈಲಿನವರೆಗೂ ಎಳೆಯಬಹುದು. ದುಬೈಗೆ ವೀಳ್ಯದೆಲೆ, ಪಾನ್ ಒಯ್ಯುವುದೂ ನಿಷಿದ್ಧ. ಕವಳ ಹಾಕುವ ಹಿರಿಯರನ್ನು ಮಗ ಕರೆಸಿಕೊಳ್ಳುವ ಮುಂಚೆ ಇದನ್ನು ಹೇಳಿ, ನಿಲ್ದಾಣದಲ್ಲಿ ಸಂಚಿ ಬಿಚ್ಚಿಸಿದರೆ ಅವರ ಮುಖ ನೋಡಲಾಗದು.

ಇನ್ನೊಂದು, ಮಣ್ಣು. ಸೋದೆಯ ಮೃತ್ತಿಕೆ ಇಲ್ಲದೆ ಪ್ರಯಾಣ ಮಾಡದವರಿದ್ದಾರೆ. ಭಕ್ತಿಯ ಮಾತು ನಾನು ಆಡುವುದಿಲ್ಲ. ಆದರೆ ಕಾನೂನಿನ ಕಣ್ಣಿಗೆ ಅದು ಮಣ್ಣು, ಬಹುತೇಕ ದೇಶಗಳಲ್ಲಿ ಪರವಾನಗಿ ಇಲ್ಲದೆ ಒಳಗೆ ಬಿಡುವುದಿಲ್ಲ. ಒಂದು ಚಮಚ ಮಣ್ಣಿನಲ್ಲಿ ಜಂತುಹುಳ, ಶಿಲೀಂಧ್ರದ ಬೀಜಕ, ಕಳೆಬೀಜ ಎಷ್ಟಿರುತ್ತವೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಗೊತ್ತು. ಕಾಡಿನ ಮರದಿಂದ ಕಿತ್ತ ಸೀತಾಳೆದಂಡೆಯೂ ಅಷ್ಟೇ. ಆರ್ಕಿಡ್ ಕುಟುಂಬ ಪೂರ್ತಿ, ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಅದನ್ನು ಗಡಿ ದಾಟಿಸುವುದು ಕೀಟದ ಪ್ರಶ್ನೆಯಷ್ಟೇ ಅಲ್ಲ, ವನ್ಯಜೀವಿ ಸಾಗಾಟದ ಪ್ರಶ್ನೆ.

ಇಷ್ಟು ಹೊತ್ತು ಹೋಗುವ ದಾರಿ ಹೇಳಿದೆ. ನನಗೆ ನಿಜವಾಗಿ ಹೇಳಬೇಕಾಗಿರುವುದು ಬರುವ ದಾರಿಯ ಬಗ್ಗೆ. ಅಲ್ಲಿ ಹಿಡಿದರೆ ಅವಮಾನ ಅನ್ನುತ್ತೇವೆ, ಇಲ್ಲಿಗೆ ದಾಟಿಸಿ ತಂದರೆ ಜಾಣತನ ಅನ್ನುತ್ತೇವೆ. ಈ ಸಭೆಯಲ್ಲೇ ಎಷ್ಟು ಜನ ಸಿಂಗಾಪುರದ ಕಡ್ಡಿ, ಲಂಡನ್ನಿನ ಬೀಜ ಅಂತ ಹೆಮ್ಮೆಯಿಂದ ತೋರಿಸಿಲ್ಲ?

ಮಳೆಗಾಲ ಶುರುವಾದರೆ ನಮ್ಮೂರ ಹೆಂಗಸರಿಗೆ ಡೇರೆ, ಅಂದರೆ ಡೇಲಿಯಾ ಹೂವಿನ ಹುಚ್ಚು. ಗಡ್ಡೆಯ ಲೇವಾದೇವಿ ಚಿನ್ನದ ಲೇವಾದೇವಿಗಿಂತ ಗುಟ್ಟಾಗಿ ನಡೆಯುತ್ತದೆ. ನನ್ನ ಪರಿಚಯದವರೊಬ್ಬರು ಹೊರದೇಶದಿಂದ ಬರುವಾಗ ಐದು ಡೇರೆಗಡ್ಡೆಯನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ತಂದರು. ಒಂದು ನನಗೂ ಬಂತು. ನಾನೂ ಬೇಡ ಅನ್ನಲಿಲ್ಲ, ಈ ತಪ್ಪು ನನ್ನ ಲೆಕ್ಕಕ್ಕೂ ಬರೆದುಕೊಳ್ಳಿ. ಗೇಣುದ್ದ ಬೆಳೆಯಿತು. ಆಮೇಲೆ ಎಲೆಯ ನರದ ಗುಂಟ ತೆಳು ಹಳದಿ ಗೆರೆ, ಎಲೆ ಸುರುಟು, ಗಿಡ ಕುಳ್ಳು. ಮೊಗ್ಗು ಬಿಡಲೇ ಇಲ್ಲ. ಡೇರೆಗೆ ಬರುವ ಮೊಸಾಯಿಕ್ ವೈರಸ್ಸಿನ ಲಕ್ಷಣ ಹೀಗೇ ಇರುತ್ತದೆ, ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಮುಂದಿನ ವರ್ಷ ಪಕ್ಕದ ಕುಂಡದಲ್ಲಿದ್ದ, ನನ್ನ ಅತ್ತೆಯ ಕಾಲದ ನೇರಳೆ ಡೇರೆಯಲ್ಲಿ ಅದೇ ಹಳದಿ ಗೆರೆ. ಅಲ್ಲಿಂದಲೇ ಬಂತು ಅಂತ ನಾನು ಸಾಬೀತು ಮಾಡಲಾರೆ. ಆದರೆ ಆ ನೇರಳೆ ಡೇರೆ ಈಗ ನನ್ನಲ್ಲಿಲ್ಲ.

ನಮ್ಮ ದೇಶದ ಕಾನೂನು ಹಳೆಯದು. 1914ರ ವಿನಾಶಕಾರಿ ಕೀಟಗಳ ಕಾಯ್ದೆ, ಅದರ ಕೆಳಗೆ 2003ರ ಸಸ್ಯ ಕ್ವಾರಂಟೈನ್ ಆದೇಶ, ಜಾರಿಯಾದದ್ದು 2004ರ ಜನವರಿ 1ರಿಂದ. ಬಿತ್ತುವ ಬೀಜ, ನೆಡುವ ಗಡ್ಡೆ, ಕಡ್ಡಿ, ಸಸಿ ಯಾವುದೇ ಆಗಲಿ, ಹೊರಡುವ ಮೊದಲೇ ಇಲ್ಲಿಂದ ಆಮದು ಪರವಾನಗಿ ಬೇಕು, ಅಲ್ಲಿಂದ ಆರೋಗ್ಯ ಪತ್ರ ಬೇಕು. ಮಣ್ಣು ಕೂಡದು. ಕೆಲವು ಗಿಡಗಳು ಕೆಲವು ದೇಶಗಳಿಂದ ಸುತರಾಂ ಬರುವ ಹಾಗಿಲ್ಲ, ಕೆಲವನ್ನು ಸಂಶೋಧನಾ ಸಂಸ್ಥೆಗಳು ಮಾತ್ರ ತರಬಹುದು. ಬಂದ ಮೇಲೂ ಕೆಲವನ್ನು ಪ್ರತ್ಯೇಕ ಜಾಗದಲ್ಲಿ ಬೆಳೆಸಿ, ಇಲಾಖೆಯವರು ನೋಡಿ ಒಪ್ಪಿದ ಮೇಲೆಯೇ ಹೊರಗೆ ಬಿಡುತ್ತಾರೆ. ಒಂದೇ ರಿಯಾಯಿತಿ ಅಂದರೆ, ಸ್ವಂತ ಬಳಕೆಗೆ ಎರಡು ಕಿಲೋಗಿಂತ ಕಡಿಮೆ ಹಣ್ಣು, ತರಕಾರಿ, ಹೂಗುಚ್ಛಕ್ಕೆ ಆರೋಗ್ಯ ಪತ್ರ ಕೇಳುವುದಿಲ್ಲ. ಇದನ್ನೇ ಹಿಡಿದುಕೊಂಡು 'ಎರಡು ಕಿಲೋ ತನಕ ಗಿಡ ತರಬಹುದಂತೆ' ಅಂತ ಸುದ್ದಿ ಹಬ್ಬಿಸಿದ್ದಾರೆ. ಅದು ತಿನ್ನುವುದಕ್ಕೆ, ಮುಡಿಯುವುದಕ್ಕೆ, ನೆಡುವುದಕ್ಕಲ್ಲ. ಬೆಂಗಳೂರಲ್ಲಿ ಇಳಿದಾಗಲೂ ಬೀಜ, ಗಿಡ, ಹಣ್ಣು, ಹೂವು ಇದ್ದರೆ ಘೋಷಿಸಿ ಕೆಂಪು ದಾರಿಯಲ್ಲಿ ಹೋಗಬೇಕು. ಅಂಚೆಯಲ್ಲಿ ಬರುವ ಬೀಜಕ್ಕೂ ಇದೇ ಕಾನೂನು. 2020ರಲ್ಲಿ ಯಾರೂ ಕೇಳದ ಬೀಜದ ಪೊಟ್ಟಣಗಳು ಅಮೆರಿಕದ ಮನೆಗಳಿಗೆ ಬಂದಾಗ, ಅಂಥವು ಬಂದರೆ ಎಚ್ಚರ ಅಂತ ನಮ್ಮ ಕೃಷಿ ಸಚಿವಾಲಯವೂ ರಾಜ್ಯಗಳಿಗೆ ತಿಳಿಸಿತ್ತು.

ಕಾನೂನು ಬಿಡಿ, ಕಣ್ಣೆದುರಿಗೆ ಇರುವುದನ್ನು ನೋಡಿ. ಬನವಾಸಿ, ಮುಂಡಗೋಡದ ಕಡೆ ಗೋವಿನಜೋಳದ ಸುಳಿ ಕೊರೆಯುವ ಲದ್ದಿಹುಳ ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲೇ. ಅದರ ಪತಂಗ ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು, ಹಾಗಾಗಿ ಯಾರ ಸೂಟ್‌ಕೇಸನ್ನೂ ದೂರುತ್ತಿಲ್ಲ. ಆದರೆ ತೆಂಗಿನ ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣ ಬಳಿದು, ಕೆಳಗಿನ ಗರಿಗೆಲ್ಲ ಮಸಿ ಹಿಡಿಸುವ ಬಿಳಿನೊಣ ಇದೆಯಲ್ಲ, ಅದು 2016ರಲ್ಲಿ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡದ್ದು. ಮಧ್ಯ ಅಮೆರಿಕದಿಂದ ಪೊಳ್ಳಾಚಿಗೆ ಅಷ್ಟು ಮೆತ್ತನೆಯ ನೊಣ ಹಾರಿಕೊಂಡು ಬರಲಾರದು. ಫಿಲಿಪೀನ್ಸಿನಲ್ಲಿ ಕಡಂಗ್-ಕಡಂಗ್ ಅಂತ ತೆಂಗಿನ ರೋಗವಿದೆ. 3 ಕೋಟಿಗೂ ಹೆಚ್ಚು ಮರ ತಿಂದಿದೆ. ಅದರ ಕಾರಣ ವೈರಸ್ ಕೂಡ ಅಲ್ಲ, ವೈರಾಯ್ಡ್, ಬರೀ 246 ಅಕ್ಷರದ ಆರ್‌ಎನ್‌ಎ ತುಣುಕು. ನಮಗೆ ಗೊತ್ತಿರುವ ರೋಗಕಾರಕಗಳಲ್ಲಿ ಅದಕ್ಕಿಂತ ಚಿಕ್ಕದಿಲ್ಲ. ಔಷಧಿಯೂ ಇಲ್ಲ. ಅಲ್ಲಿಂದ ಯಾರಾದರೂ ಚಂದದ ಗಿಡ್ಡ ತಳಿ ಅಂತ ಒಂದು ಬೀಜದ ಕಾಯಿ ಚೀಲದಲ್ಲಿ ತಂದರೆ? ಕುಮಟಾದಿಂದ ಅಂಕೋಲೆಯವರೆಗಿನ ತೋಟಗಳನ್ನು ನೆನೆಸಿಕೊಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ಇಲ್ಲೊಬ್ಬರು ನಗುತ್ತಿದ್ದೀರಿ, ಬಾಬಾಬುಡನ್ ಏಳು ಕಾಫಿಬೀಜ ತಂದ ಕತೆ ಎತ್ತಬೇಕು ಅಂತ ಅಲ್ಲವೇ? ಎತ್ತಿ. ಮೆಣಸಿನಕಾಯಿ, ಗೇರು, ಅನಾನಸು, ಪೇರಲ ಎಲ್ಲ ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂದವು. ಡೇರೆ ಮೆಕ್ಸಿಕೋದ್ದು. ಇಪ್ಪತ್ತು ವರ್ಷದ ಹಿಂದೆ ನಾವು ಹುಚ್ಚೆದ್ದು ಬೆಳೆದು ಕೈಸುಟ್ಟುಕೊಂಡ ವೆನಿಲ್ಲಾವೂ ಅಲ್ಲಿಯದೇ. ಗಡಿ ಮುಚ್ಚಿಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಕಾಫಿಯ ಕತೆಯನ್ನು ಪೂರ್ತಿ ಹೇಳಿ. ಬೀಜ ಒಬ್ಬರ ಕೈಯಲ್ಲಿ ಬಂತು, ಅದರ ರೋಗ ಆಮೇಲೆ ತಾನೇ ಹುಡುಕಿಕೊಂಡು ಬಂತು. 1869ರಲ್ಲಿ ಸಿಲೋನಿನಲ್ಲಿ ಎಲೆತುಕ್ಕು ಕಂಡು, ಒಂದೆರಡು ದಶಕಗಳಲ್ಲಿ ಅಲ್ಲಿಯ ಕಾಫಿ ನೆಲಕಚ್ಚಿ, ಅವರು ಚಹಾಕ್ಕೆ ಹೊರಳಿದರು.

ದಾರಿ ಹಿಡಿದು ತಂದದ್ದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2008ರ ಹೊತ್ತಿಗೆ ಕೊಯಮತ್ತೂರಿನಲ್ಲಿ ಪಪ್ಪಾಯಿಗೆ ಹೊಸ ಹಿಟ್ಟುತಿಗಣೆ ಬಂತು, ಮೆಕ್ಸಿಕೋ ಮೂಲದ್ದು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಎಲ್ಲ ಬಿಳಿ. ಔಷಧಿ ಹೊಡೆದು ಸೋತರು. 2010ರಲ್ಲಿ ಬೆಂಗಳೂರಿನ ಕೀಟ ವಿಜ್ಞಾನಿಗಳು ಪೋರ್ಟೊರಿಕೋದಿಂದ ಅದರ ವೈರಿಯಾದ ಪುಟಾಣಿ ಪರಾವಲಂಬಿ ಕಣಜವನ್ನು ತರಿಸಿದರು. ಅನುಮತಿ ಪಡೆದು, ಕ್ವಾರಂಟೈನಿನಲ್ಲಿಟ್ಟು, ಬೇರೆ ಉಪಕಾರಿ ಕೀಟಗಳಿಗೆ ಇದು ತೊಂದರೆ ಕೊಡುವುದಿಲ್ಲ ಅಂತ ಪರೀಕ್ಷಿಸಿ ಆಮೇಲೆ ತೋಟಕ್ಕೆ ಬಿಟ್ಟರು. ತಿಂಗಳುಗಳಲ್ಲಿ ತಿಗಣೆ ಹಿಡಿತಕ್ಕೆ ಬಂತು. ಅದೂ ವಿಮಾನದಲ್ಲೇ ಬಂದ ಹುಳ.

ಪ್ರಶ್ನೆಗಳಿಗೆ ಬರೋಣ.

"ಗಡ್ಡೆಯನ್ನು ತೊಳೆದು, ಶಿಲೀಂಧ್ರನಾಶಕದಲ್ಲಿ ಅದ್ದಿ ತಂದರೆ?" ಅಂತ ಹಿಂದಿನ ಸಾಲಿನವರು ಕೇಳಿದರು. ತೊಳೆದರೆ ಮಣ್ಣು ಹೋಗುತ್ತದೆ, ಅದ್ದಿದರೆ ಹೊರಗಿನ ಬೂಸಲು ಸಾಯುತ್ತದೆ. ವೈರಸ್ ಇರುವುದು ಒಳಗಿನ ಜೀವಕೋಶದಲ್ಲಿ, ಅದಕ್ಕೆ ಅಲ್ಲಿ ನೀರೂ ಮುಟ್ಟದು, ಔಷಧಿಯೂ ಮುಟ್ಟದು. ಕಡ್ಡಿ, ಗಡ್ಡೆಗೆ ಹೋಲಿಸಿದರೆ ಬೀಜ ಎಷ್ಟೋ ವಾಸಿ, ತಾಯಿಗಿಡದ ಎಲ್ಲ ರೋಗವೂ ಬೀಜಕ್ಕೆ ದಾಟುವುದಿಲ್ಲ. ಆದರೂ ಪರವಾನಗಿ ಬೇಕು.

"ಹುಬ್ಬಳ್ಳಿಯಿಂದ ದೆಹಲಿಗೆ ಗಿಡ ಒಯ್ದರೆ?" ದೇಶದೊಳಗೆ ಕಸ್ಟಮ್ಸ್ ಇಲ್ಲ. ವಿಮಾನದ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ, ಕುಂಡದ ಮಣ್ಣಿಗೆ ಗೊಣಗುವವರಿದ್ದಾರೆ.

ಕೊನೆಗೆ ಒಬ್ಬ ಹುಡುಗಿ, ಕಾಲೇಜಿನವಳಿರಬೇಕು, ಎದ್ದು ನಿಂತು ಕೇಳಿದಳು: "ಮೇಡಂ, ನೀವು ಒಯ್ದ ಕರಿಬೇವಿನಲ್ಲಿ ನಿಜವಾಗಿಯೂ ಆ ಹುಳ ಇತ್ತಾ?"

ಅವರು ಪೊಟ್ಟಣ ಒಳಗೆ ಒಯ್ದರು, ಏನು ಸಿಕ್ಕಿತು ಅಂತ ನನಗೆ ಹೇಳಲಿಲ್ಲ. ಬಾಣಂತನ ಮುಗಿಸಿ ಆರು ತಿಂಗಳಿಗೆ ಊರಿಗೆ ಬಂದೆ. ಬಂದ ಮರುದಿನ ಬೆಳಿಗ್ಗೆ, ಚಹಾ ಕುಡಿಯುವ ಮೊದಲೇ, ಕಾಲೇಜಿನ ಹಳೆಯ ಭೂತಗನ್ನಡಿ ಹುಡುಕಿಕೊಂಡು ಹಿತ್ತಲಿಗೆ ಹೋದೆ. ಅತ್ತಿಗೆ ಅಂದು ಕುಯ್ದದ್ದು ಅದೇ ಗಿಡ, ಬಚ್ಚಲಿನ ಮಗ್ಗುಲಿನದು. ಮೂರು ಕುಡಿ ಬಗ್ಗಿಸಿ ನೋಡಿದೆ. ಎರಡರಲ್ಲಿ ಇತ್ತು.